ಮಗಳ ತಲೆಯ ಮೇಲಿನ ಆಣೆ

ಗೇಟಿನ ಮನೆ, ಶಹಾಪುರ ತಾಲ್ಲೂಕು
18 ನವೆಂಬರ್ 1996

ತಮ್ಮ ಬಸವಂತ್ರಾಯನಿಗೆ ಅಕ್ಕ ದೇವಕಮ್ಮನ ಆಶೀರ್ವಾದ.

ಮೂರು ವರ್ಷಕ್ಕೆ ಇದು ಮೊದಲ ಕಾಗದ. ಸುಖವಾಗಿದ್ದರೆ ಇವಳು ಬರೆಯುತ್ತಿರಲಿಲ್ಲ ಎಂದು ನಿನಗೆ ಲಕೋಟೆ ನೋಡಿದಾಗಲೇ ಗೊತ್ತಾಗಿರುತ್ತದೆ. ಆದ್ದರಿಂದ ಕ್ಷೇಮಸಮಾಚಾರ ಬಿಟ್ಟು ನೇರ ಮಾತಿಗೆ ಬರುತ್ತೇನೆ.

ಅಪ್ಪನ ತಿಥಿಯ ದಿನ ಸುರಪುರದಲ್ಲಿ, ಹಿರಿಯರೆಲ್ಲ ಕೂತಿದ್ದಾಗ, ನನ್ನ ಗಂಡ, ನಿನ್ನ ಮಾವ, ನಿನಗೆ ಚಪ್ಪಲಿ ತೆಗೆದು ಹೊಡೆದದ್ದನ್ನು ನಾನು ಮರೆತಿಲ್ಲ. "ಇನ್ನ ನಿನ್ನ ಹೊಸ್ತಿಲಾ ತುಳದ್ರ ನಾ ನಮ್ಮಪ್ಪಗ ಹುಟ್ಟಿದಾಂವ ಅಲ್ಲ" ಎಂದು ನೀನು ಆಣೆ ಮಾಡಿದ್ದನ್ನೂ ಮರೆತಿಲ್ಲ. ಹೊಸ್ತಿಲು ತುಳಿಯಬೇಡ. ಕಾಗದ ಬರೆ, ಅಷ್ಟು ಸಾಕು.

ಮಾವ ಈಗಲೂ ಕಾಲುವೆಯ ಹನ್ನೊಂದನೇ ಗೇಟಿನಲ್ಲೇ ಇದ್ದಾರೆ. ನೀರು ಬಿಡುವ, ನಿಲ್ಲಿಸುವ ಕೆಲಸ. ಬೆಳಿಗ್ಗೆ ಗೇಟಿನ ಹ್ಯಾಂಡಲ್ ಹೆಗಲ ಮೇಲೆ ಹೊತ್ತು ಹೋಗುತ್ತಾರೆ, ಸಂಜೆ ಹೊತ್ತು ತರುತ್ತಾರೆ. ಮೊಳದುದ್ದದ ಕಬ್ಬಿಣ, ನನಗೆ ಎರಡು ಕೈಯಲ್ಲಿ ಎತ್ತಬೇಕು. ಹೋಗುವುದಕ್ಕೂ ಬರುವುದಕ್ಕೂ ನಡುವೆ ಸೇಂದಿ ಅಂಗಡಿ ಇದೆ. ಮೊದಲು ಸಂಜೆಗೊಂದು ಬಾಟ್ಲಿ ಇದ್ದದ್ದು ಈಗ ದಿನಕ್ಕೆ ಏಳಾಗಿದೆ. ಬೆಳಿಗ್ಗೆ ಎದ್ದು ಒಂದು ಬಾಟ್ಲಿ ಒಳಗೆ ಹೋಗದಿದ್ದರೆ ಕೈ ನಡುಗಿ ಚಹಾದ ಬಸಿ ಹಿಡಿಯಲಿಕ್ಕೆ ಆಗುವುದಿಲ್ಲ.

ಒಂದು ಮಾತು ನನಗೆ ತಿಳಿಯುವುದಿಲ್ಲ. ಕಾಲುವೆ ಬಂದ ಮೇಲೆ ಹಳ್ಳದ ಈಚಲವನವೆಲ್ಲ ಕಡಿದು ಗದ್ದೆ ಮಾಡಿದರು. ಗಿಡ ಹೋದವು, ಸೇಂದಿ ಮಾತ್ರ ಹೋಗಲಿಲ್ಲ. ಅತ್ತೆ ಮಾನಮ್ಮ ಹರೆಯದಲ್ಲಿ ಗಿಡದ ಕೆಳಗೇ ಕೂತು ಕುಡಿದವರು. ಅವರು ಹೇಳುತ್ತಾರೆ: "ಆಗಿಂದು ಕುಡದ್ರ ನಗಿ ಬರತಿತ್ತವ್ವ. ಈಗಿಂದು ಕುಡದ್ರ ಮಕಾನೇ ಇರಂಗಿಲ್ಲ ಮನಶಾಗ."

ಮೊನ್ನೆ ಗೇಟು ಮುಚ್ಚುವುದನ್ನು ಮರೆತು ಮಲಗಿದರು. ಮರಿಲಿಂಗಪ್ಪನ ಗದ್ದೆಯಲ್ಲಿ ಕೊಯ್ದು ಹಾಕಿದ ನೆಲ್ಲು ತೇಲಿ ಹೋಯಿತು. ಅವನು ಕೇಳಲಿಕ್ಕೆ ಬಂದರೆ ಅವನ ದವಡೆಗೆ ಹೊಡೆದರು, ಎರಡು ಹಲ್ಲು ಬಿದ್ದವು. ಬಿಡಿಸಲು ಹೋದ ನನ್ನ ಜುಟ್ಟು ಹಿಡಿದು ಕಾಲುವೆಯ ಕಲ್ಲಿನ ಮೇಲೆ ಎಳೆದ. ಎಳೆದ ಎಂದೇ ಬರೆದಿದ್ದೇನೆ, ಅಳಿಸುವುದಿಲ್ಲ. ಹೊಡೆಯುವ ಹೊತ್ತಿಗೆ ಅವರು ನನಗೆ 'ಅವರು' ಆಗಿರುವುದಿಲ್ಲ. ಬೆಳಿಗ್ಗೆ ಎದ್ದು ನನ್ನ ಮುಖದ ಬಾವು ನೋಡಿ "ಎಲ್ಲಿ ಬಿದ್ದಿ?" ಎಂದು ಕೇಳಿದರು. ನಾಟಕವಲ್ಲ. ನಿಜವಾಗಿಯೂ ನೆನಪಿರಲಿಲ್ಲ.

ನೀನು ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿದ್ದೀಯ. ಆ ಬಾಟ್ಲಿಯಲ್ಲಿ ಏನಿದೆ, ಅದನ್ನು ಬಿಡಿಸುವುದು ಹೇಗೆ, ತಿಳಿದು ಬರೆ. ಮಲಕಮ್ಮನಿಗೆ ಒಂಬತ್ತು ತುಂಬಿತು. ಅವಳ ಮೈಮೇಲೆ ಅವರು ಇನ್ನೂ ಕೈ ಮಾಡಿಲ್ಲ. ಆ ದಿನ ಬರುವುದರೊಳಗೆ ಬರೆ.

ನಿನ್ನ ಅಕ್ಕ,
ದೇವಕಮ್ಮ


ಹೈದರಾಬಾದು
27 ನವೆಂಬರ್ 1996

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಮೂರು ಸಲ ಓದಿದೆ. ಮೂರು ಸಲವೂ ಸಿಟ್ಟೇ ಬಂತು. ಹನ್ನೊಂದು ವರ್ಷದಿಂದ ನಾನು ಹೇಳುತ್ತಿದ್ದದ್ದು ಇದನ್ನೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಾನೀಗ ಮೊದಲಿನಂತೆ ಸ್ಟ್ರೆಚರ್ ತಳ್ಳುವವನಲ್ಲ. ಔಷಧ ಕೊಡುವ ಕಿಟಕಿಯಲ್ಲಿ ಕೂರುತ್ತೇನೆ. ಮಿದುಳಿನ ಔಷಧಗಳೆಲ್ಲ ನನ್ನ ಕೈ ದಾಟಿಯೇ ಹೋಗುತ್ತವೆ, ಆದ್ದರಿಂದ ತಿಳಿದೇ ಬರೆಯುತ್ತಿದ್ದೇನೆ. ನಿಮ್ಮೂರಿನ ಬಾಟ್ಲಿಯಲ್ಲಿರುವುದು ಸೇಂದಿಯಲ್ಲ. ನೀರು, ಸ್ಯಾಕ್ರಿನ್, ನೊರೆ ಬರಲಿಕ್ಕೆ ಏನೋ ಒಂದು. ಅಮಲು ಬರಲಿಕ್ಕೆ ಸಿ.ಎಚ್., ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ಪುಡಿ, ಅದರ ಜೊತೆ ಅರೆದು ಹಾಕಿದ ನಿದ್ದೆಗುಳಿಗೆ. ಹುಚ್ಚು ಹಿಡಿದು ಹರಿಹಾಯುವವರನ್ನು ಮಲಗಿಸಲಿಕ್ಕೆ ಇಲ್ಲಿ ಚಿಟಿಕೆಯಷ್ಟು ಕೊಡುವ ಸಾಮಾನನ್ನು ನಿನ್ನ ಗಂಡ ಬಾಟ್ಲಿಗಟ್ಟಲೆ ಕುಡಿಯುತ್ತಿದ್ದಾನೆ. ನೆನಪು ಅಳಿಸಿ ಹೋಗುವುದು ಆ ಪುಡಿಯಿಂದಲೇ. ಹೊಡೆದದ್ದು ಮಿದುಳಿನಲ್ಲಿ ಬರೆದುಕೊಳ್ಳುವುದೇ ಇಲ್ಲ.

ಒಂದೇ ಪೆಟ್ಟಿಗೆ ಬಿಡಿಸು. ಸ್ವಲ್ಪ ಸ್ವಲ್ಪ ಬಿಡುತ್ತೇನೆ ಎಂದವನು ಯಾವತ್ತೂ ಬಿಟ್ಟಿಲ್ಲ. ಅಬ್ಬೆತುಮಕೂರಿನ ಮಠಕ್ಕೆ ಕರೆದುಕೊಂಡು ಹೋಗು. ದೇವರ ಮೇಲಿನ ಆಣೆಗೆ ಅವನು ಹೆದರುವುದಿಲ್ಲ, ನಾಲ್ಕು ಸಲ ಮಾಡಿ ನಾಲ್ಕು ಸಲ ಮುರಿದವನು. ಮಲಕಮ್ಮನ ತಲೆಯ ಮೇಲೆ ಕೈ ಇಡಿಸು. 'ಒಂದು ಹನಿ ಕುಡಿದರೂ ಈ ಕೂಸು ನನಗಿಲ್ಲ' ಎಂದು ಹೇಳಿಸು. ಅವನಿಗೆ ಜೀವ ಅಂತ ಇರುವುದು ಅವಳೊಬ್ಬಳ ಮೇಲೆ.

ಎರಡು ದಿನ ಒದ್ದಾಡುತ್ತಾನೆ. ಒದ್ದಾಡಲಿ ಬಿಡು. ನೀನು ಹನ್ನೊಂದು ವರ್ಷ ಒದ್ದಾಡಿಲ್ಲವೇ?

ನಿನ್ನ ತಮ್ಮ,
ಬಸವಂತ್ರಾಯ


ಗೇಟಿನ ಮನೆ
11 ಡಿಸೆಂಬರ್ 1996

ತಮ್ಮ ಬಸವಂತನಿಗೆ,

ಇದನ್ನು ವಹಾಬನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನಮ್ಮ ಪಕ್ಕದ ಮನೆಯವನು, ಶಹಾಪುರದಿಂದ ಹೈದರಾಬಾದಿಗೆ ಹತ್ತಿಯ ಲಾರಿ ಹೊಡೆಯುತ್ತಾನೆ. ಅಂಚೆಯವನಿಗಿಂತ ಮೂರು ದಿನ ಮುಂಚೆ ಮುಟ್ಟಿಸುತ್ತಾನೆ.

ಆಣೆ ಆಯಿತು! ನಿನ್ನೆ ಅಮಾವಾಸ್ಯೆ, ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗದ್ದುಗೆಯ ಮುಂದೆ ಮಲಕಮ್ಮನನ್ನು ಕೂರಿಸಿದೆ. ತಲೆಗೆ ಎಣ್ಣೆ ಹಾಕಿ ಜಡೆ ಹೆಣೆದಿದ್ದೆ. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಅವಳ ತಲೆಯೂ ಜೊತೆಗೆ ಅಲ್ಲಾಡಿತು. ಆದರೂ ಹೇಳಿದರು, ತಪ್ಪಿಲ್ಲದೆ ಹೇಳಿದರು: "ಒಂದ್ ಹನಿ ನನ್ ಹೊಟ್ಟ್ಯಾಗ ಹೋದ್ರ ಈ ಕೂಸು ನನಗಿಲ್ಲ." ಆಮೇಲೆ ಅಲ್ಲೇ ಕೂತು ಅತ್ತರು. ಹನ್ನೊಂದು ವರ್ಷದಲ್ಲಿ ನಾನು ಅವರ ಕಣ್ಣೀರು ನೋಡಿದ್ದು ನಿನ್ನೆಯೇ.

ಅತ್ತೆಗೆ ಮಾತ್ರ ಇದು ಸೇರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು: "ಸೇಂದಿ ಬಿಡಬೇಕಂದ್ರ ಕುಡ್ಕೋತ ಕುಡ್ಕೋತ ಕಮ್ಮಿ ಮಾಡಿ ಬಿಡಬೇಕವ್ವ. ಓಡೋ ಎತ್ತಿಗೆ ಒಮ್ಮಿಗೇ ಹಗ್ಗ ಜಗ್ಗಿದ್ರ ಕುತಿಗಿ ಮುರೀತದ." ನಾನು ನಕ್ಕುಬಿಟ್ಟೆ. ಕುಡಿದ ಬಾಯಿ ಕುಡಿತದ ಪರವೇ ಮಾತಾಡುತ್ತದೆ ಅಂದುಕೊಂಡೆ.

ಇಂದು ಬೆಳಗಿನಿಂದ ಮೈಯೆಲ್ಲ ಬೆವರು. ರೊಟ್ಟಿ ಮುರಿಯಲಾರದೆ ಮಗಳ ಕೈಯಲ್ಲಿ ತಿನ್ನಿಸಿಕೊಂಡರು. ಆದರೆ ಗೇಟಿಗೆ ಹೋಗಿ ಬಂದರು, ಅಂಗಡಿಯ ಕಡೆ ತಲೆ ತಿರುಗಿಸದೆ ಬಂದರು. ಎರಡು ದಿನ ಎಂದು ನೀನು ಬರೆದಿದ್ದೀಯ. ಒಂದು ದಿನ ಆಯಿತು. ಬಸವಂತಾ, ನನಗೆ ಬಹಳ ಸಂತೋಷವಾಗಿದೆ.

ನಿನ್ನ ಅಕ್ಕ,
ದೇವಕಮ್ಮ


ಹೈದರಾಬಾದು
12 ಡಿಸೆಂಬರ್ 1996

ಅಕ್ಕಾ,

ಇದನ್ನು ಓದಿದ ಕೂಡಲೇ ಮಾಡು. ವಹಾಬ ಲಾರಿ ಖಾಲಿ ಮಾಡಿ ನನಗಾಗಿ ಕಾಯುತ್ತಿದ್ದಾನೆ.

ನಾನು ತಪ್ಪು ಬರೆದೆ. ನಿನ್ನ ಕಾಗದ ಓದಿ ಹಿಗ್ಗಿ, ನಮ್ಮ ಡಾಕ್ಟರರ ಹತ್ತಿರ ಹೋಗಿ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನು ಕೆಳಗೆ ಇಟ್ಟರು. "ಎಷ್ಟು ವರ್ಷದಿಂದ ಕುಡಿಯುತ್ತಿದ್ದರು? ನಿಲ್ಲಿಸಿ ಎಷ್ಟು ದಿನ? ಯಾರು ಹೇಳಿದ್ದು?" ಎಂದರು. ನಾನೇ ಎಂದೆ. ವಾರ್ಡಿನ ತುಂಬ ಜನರಿದ್ದರು, ಎಲ್ಲರ ಮುಂದೆಯೇ ಬೈದರು. ಅವರು ಹೇಳಿದ್ದನ್ನು ಮಾವನಿಗೇ ತಿಳಿಯುವಂತೆ ಬರೆಯುತ್ತೇನೆ, ಓದಿ ಹೇಳು.

ಮಿದುಳಿನಲ್ಲಿ ಎರಡು ಬಗೆಯ ರಸ ಇರುತ್ತವೆ. ಒಂದು ಕೆರಳಿಸುವುದು, ಒಂದು ತಣಿಸುವುದು. ಆ ಪುಡಿ ತಣಿಸುವುದರ ಪಕ್ಷ ಸೇರಿ ಗೇಟಿನಂತೆ ಕೆರಳಿಕೆಯನ್ನು ತಡೆದು ನಿಲ್ಲಿಸುತ್ತದೆ. ವರ್ಷಗಟ್ಟಲೆ ಹೊರಗಿನಿಂದ ತಣಿವು ಸಿಕ್ಕರೆ ಮಿದುಳು ತನ್ನ ಸ್ವಂತ ತಣಿವನ್ನು ಕಡಿಮೆ ಮಾಡಿಕೊಳ್ಳುತ್ತದೆ, ಕೆರಳಿಕೆಯನ್ನು ಏರಿಸಿಕೊಳ್ಳುತ್ತದೆ. ಗೇಟಿನ ಹಿಂದೆ ನೀರು ಏರುತ್ತಲೇ ಹೋಗುತ್ತದೆ. ಈಗ ನಾವು ಆ ಗೇಟನ್ನು ಒಮ್ಮೆಲೇ ಕಿತ್ತು ಹಾಕಿದ್ದೇವೆ. ಮೂರು, ನಾಲ್ಕು, ಐದನೇ ದಿನ ಕೆಟ್ಟ ದಿನಗಳು. ನಿದ್ದೆ ಇರುವುದಿಲ್ಲ. ಇಲ್ಲದ್ದು ಕಾಣುತ್ತದೆ. ಹುಳ, ಹಾವು, ಕೊಲ್ಲಲು ಬರುವ ಜನ. ಮೂರ್ಛೆ ಬರಬಹುದು, ಜೀವವೂ ಹೋಗಬಹುದು. ಎದುರಿಗಿದ್ದವರ ಜೀವವನ್ನೂ ತೆಗೆಯಬಹುದು.

ಕುಡಿಸು. ಅದೇ ಅಂಗಡಿಯದು, ಮೊದಲು ಕುಡಿಯುತ್ತಿದ್ದುದರ ಅರ್ಧ. ಆಮೇಲೆ ಕೂಡಲೇ ದವಾಖಾನೆಗೆ ಸೇರಿಸು. ಅಲ್ಲಿ ದಿನ ನೋಡಿ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಮಲಕಮ್ಮನನ್ನು ಬೇರೆ ಮನೆಯಲ್ಲಿ ಇರಿಸು.

ನಾನೇ ಬರಬೇಕಿತ್ತು. ರೈಲು ಹತ್ತಿದರೆ ಸಂಜೆಯೊಳಗೆ ಯಾದಗಿರಿ. ಆದರೆ ನನ್ನ ಆಣೆ ನಿನಗೆ ಗೊತ್ತಿದೆ. ನನ್ನ ಬದಲು ಈ ಕಾಗದ ಬರುತ್ತಿದೆ.

ಬಸವಂತ್ರಾಯ


ಗೇಟಿನ ಮನೆ
9 ಜನವರಿ 1997

ಬಸವಂತ್ರಾಯ ಅಣ್ಣನವರಿಗೆ,

ಅಕ್ಷರ ಬೇರೆ ಇದೆ ಎಂದು ಗಾಬರಿಯಾಗಬೇಡಿ. ನಾನು ಸರ್ವರಬೇಗಂ, ವಹಾಬರ ಹೆಂಡತಿ, ಇಲ್ಲಿನ ಶಾಲೆಯ ಮೇಡಂ. ದೇವಕಮ್ಮ ಅಕ್ಕನ ಬಲಗೈ ಕಟ್ಟಿನಲ್ಲಿದೆ. ಅವರು ಹೇಳಿದ್ದನ್ನು ಹೇಳಿದಂತೆ ಬರೆಯುತ್ತಿದ್ದೇನೆ.

ಬಸವಂತಾ, ನಿನ್ನ ಕಾಗದ ತಡವಾಗಿ ಮುಟ್ಟಿತು ಎಂದು ನೀನು ಸಮಾಧಾನ ಮಾಡಿಕೊಂಡಿದ್ದರೆ, ಅದು ಸುಳ್ಳು. ಹದಿಮೂರನೇ ತಾರೀಖು ಮಧ್ಯಾಹ್ನವೇ ವಹಾಬ ನನ್ನ ಕೈಗೆ ಕೊಟ್ಟ. ದನ ಕಟ್ಟುವ ಜಾಗದಲ್ಲಿ ನಿಂತು ಓದಿದೆ. ಆ ಹೊತ್ತಿಗೆ ನಿನ್ನ ಮಾವ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಬರೀ ಗೋಡೆಯಿಂದ ಇರುವೆ ಹೆಕ್ಕಿ ಹೆಕ್ಕಿ ನೆಲಕ್ಕೆ ಹಾಕಿ ತುಳಿಯುತ್ತಿದ್ದರು.

ಓದಿ ನಿನ್ನನ್ನು ಬೈದೆ. ಬಾಯಿಗೆ ಬಂದಂತೆ ಬೈದೆ. ಮಗಳ ತಲೆಯ ಮೇಲೆ ಕೈ ಇಡಿಸು ಎಂದವನು ನೀನು, ಈಗ ಕುಡಿಸು ಎನ್ನುವವನೂ ನೀನು. ಕುಡಿಸಿದರೆ ಮಗಳು, ಬಿಟ್ಟರೆ ಗಂಡ. ಅತ್ತ ದರಿ ಇತ್ತ ಪುಲಿ. ಗಂಡ ನನ್ನನ್ನು ಹನ್ನೊಂದು ವರ್ಷ ಹೊಡೆದವನು, ಮಗಳು ಏನೂ ಮಾಡದವಳು. ನಾನು ಮಗಳನ್ನು ಆರಿಸಿಕೊಂಡೆ. ನಿನ್ನ ಕಾಗದ ಮಡಚಿ ಜೋಳದ ಡ್ರಮ್ಮಿನ ತಳಕ್ಕೆ ತುರುಕಿದೆ.

ಅತ್ತೆ ಕೇಳಿದರು, "ಬಸವಂತ ಏನ್ ಬರದಾನ?"

"ಆರಾಮ ಅದಾನಂತ್ರಿ" ಎಂದೆ.

ಸಂಜೆ ಅತ್ತೆ ನನ್ನ ಕಾಲು ಹಿಡಿದರು. ಸೊಸೆಯ ಕಾಲು ಹಿಡಿದ ಅತ್ತೆಯನ್ನು ನೀನು ನೋಡಿದ್ದೀಯಾ? "ಒಂದ್ ಗುಟುಕು ತಂದ್ ಕೊಡವ್ವ. ನನ್ ಮಗನ ಕಣ್ಣ ನೋಡು, ಅಂವ ಒಳಗಿಲ್ಲ. ಆ ಆಣಿ ನನ್ ತಲಿ ಮ್ಯಾಲ ಹಾಕ್ರಿ. ಮುದುಕಿ ತಲಿ ಇದ್ರೆಷ್ಟು, ಹೋದ್ರೆಷ್ಟು?" ಎಂದರು. ಅವರ ಮಗನ ಕೈ ತಂದು ತಮ್ಮ ಬಿಳಿ ತಲೆಯ ಮೇಲೆ ಇಟ್ಟುಕೊಂಡರು. ನಿನ್ನ ಮಾವ ಕೈ ಕಿತ್ತುಕೊಂಡರು, ಕೂದಲಲ್ಲಿ ಇರುವೆ ಇವೆ ಎಂದರು. ನಾನು ಅತ್ತೆಗೆ ಹೇಳಿದೆ, "ಆಣಿ ಅಂದ್ರ ಕಂಬಳಿ ಅಲ್ರಿ, ಒಬ್ಬರ ಮ್ಯಾಲಿಂದ ಒಬ್ಬರಿಗೆ ಹೊಚ್ಚಾಕ."

ಹದಿನಾಲ್ಕರ ಬೆಳಿಗ್ಗೆ ಇವರು ಗೇಟಿಗೆ ಹೋದರು. ನೀರಿನಲ್ಲಿ ಹಾವು ಕಂಡವಂತೆ. ಕಾಲುವೆ ತುಂಬ ಹಾವು, ಗೇಟಿಗೆ ಬಂದು ತಲೆ ಬಡಿಯುತ್ತಿದ್ದವಂತೆ. ಅವುಗಳನ್ನು ಸಾಗಹಾಕಲಿಕ್ಕೆ ಗೇಟು ಪೂರ್ತಿ ಎತ್ತಿದರು. ಕೆಳಗಿನ ಒಡ್ಡು ಒಡೆದು ಎಂಟು ಎಕರೆಗೆ ಸಾಲುವ ಸಸಿ ಮಡಿ ಕೊಚ್ಚಿಹೋಯಿತು. ಮರಿಲಿಂಗಪ್ಪ, ಅವನ ಅಣ್ಣತಮ್ಮಂದಿರು ಬಡಿಗೆ ತಂದು ಹೊಡೆದರು. ಇವರಿಗೆ ನೋವೇ ಇರಲಿಲ್ಲ. ಬಡಿಗೆ ಮುರಿದವು, ಇವರು ಬೀಳಲಿಲ್ಲ. ಮರಿಲಿಂಗಪ್ಪನನ್ನು ಕೆಳಗೆ ಕೆಡವಿ ಅವನ ಕಿವಿಗೆ ಬಾಯಿ ಹಾಕಿದರು. ಅರ್ಧ ಕಿವಿಯನ್ನು ಮಣ್ಣಿಗೆ ಉಗುಳಿ, ಹ್ಯಾಂಡಲ್ ಎತ್ತಿಕೊಂಡು, ಬಾಯೆಲ್ಲ ರಕ್ತ ಮಾಡಿಕೊಂಡು ಮನೆಗೆ ಬಂದರು.

ಮನೆಯ ಮುಂದೆ ಬಿಸಿಲಿಗೆ ಅತ್ತೆ ಕೂತು ಮಲಕಮ್ಮನಿಗೆ ಜಡೆ ಹಾಕುತ್ತಿದ್ದರು. ಹುಡುಗಿಯನ್ನು ಬೇರೆ ಮನೆಗೆ ಕಳಿಸು ಎಂದು ನೀನು ಬರೆದಿದ್ದೆ. ಅದನ್ನೂ ಮಾಡಿರಲಿಲ್ಲ. ಕಳಿಸಿದರೆ ಯಾಕೆಂದು ಅತ್ತೆ ಕೇಳುತ್ತಿದ್ದರು.

(ಇಲ್ಲಿ ಅಕ್ಕ ಎದ್ದು ಹೋಗಿ ಮಲಕಮ್ಮನನ್ನು ನೋಡಿ ಬಂದರು. ಚಹಾ ಮಾಡಿ ತಂದೆ, ಕುಡಿಯಲಿಲ್ಲ. ಆಮೇಲೆ ಹೇಳಿದರು. - ಸರ್ವರ)

ಎಣ್ಣೆ ಹಚ್ಚಿದ ಕರಿ ಜಡೆ. ಅವರಿಗೆ ಅದು ಹಾವಾಗಿ ಕಂಡಿತು. ಬೈಯಲಿಲ್ಲ ಬಸವಂತಾ, ಕೂಗಲಿಲ್ಲ. ಮೆಲ್ಲಗೆ, ಪ್ರೀತಿಯಿಂದ ಹೇಳಿದರು: "ಮಲ್ಲಿ, ಅಲ್ಲಾಡಬ್ಯಾಡವ್ವ. ತಲಿ ಮ್ಯಾಲ ಹಾವು ಕುಂತದ. ಅಪ್ಪ ಹೊಡೀತಾನ, ನೀ ಅಲ್ಲಾಡಬ್ಯಾಡ." ಮಗಳು ಅಪ್ಪನ ಮಾತು ಕೇಳಿ ಅಲ್ಲಾಡದೆ ಕೂತಳು. ಕಬ್ಬಿಣ ಮೇಲೆ ಹೋಯಿತು.

ಮೊದಲ ಪೆಟ್ಟಿಗೆ ನನ್ನ ಕೈ ಅಡ್ಡ ಬಂತು. ಮೂರು ಬೆರಳು ಅಲ್ಲೇ ಚಪ್ಪಟೆಯಾದವು. ಎರಡನೇ ಪೆಟ್ಟಿಗೆ ಅತ್ತೆ ಮಗುವಿನ ಮೇಲೆ ಬೋರಲು ಬಿದ್ದರು. ಅದು ಅವರ ತಲೆಗೆ ಬಿತ್ತು. ಹಾವಿಗೆ ಇನ್ನೂ ಜೀವ ಇದೆ ಎಂದು ಮೂರನೆಯದು ಹೊಡೆದರು, ನಾಲ್ಕನೆಯದು ಹೊಡೆದರು. ನಾನು ಎಣಿಸಿದ್ದು ಅಷ್ಟು. ಮಗುವನ್ನು ಅತ್ತೆಯ ಕೆಳಗಿನಿಂದ ಎಳೆದಾಗ ಅವಳ ಮೈಮೇಲಿದ್ದ ರಕ್ತದಲ್ಲಿ ಅವಳದು ಒಂದು ಹನಿಯೂ ಇರಲಿಲ್ಲ.

ಊರ ಗಂಡಸರು ಹಗ್ಗ ತಂದು ಅವರನ್ನು ಬೇವಿನ ಗಿಡಕ್ಕೆ ಕಟ್ಟಿದರು. ದೆವ್ವ ಹೊಕ್ಕಿದೆ ಎಂದು ಒಬ್ಬ ಮೆಣಸಿನಕಾಯಿ ಹೊಗೆ ಹಾಕಿದ. ಒಬ್ಬ ಹಸಿ ಬರಲಿನಿಂದ ಬಾರಿಸಿದ. ಮರಿಲಿಂಗಪ್ಪ ಕಿವಿಗೆ ಬಟ್ಟೆ ಒತ್ತಿಕೊಂಡೇ ಬಂದು ಎದೆಗೆ ಒದ್ದ. ಅವರಿಗೆ ಸೆಳವು ಬಂತು. ಹಗ್ಗದಲ್ಲೇ ಮೈ ಬಿಲ್ಲಾಗಿ ಬಾಯಲ್ಲಿ ನೊರೆ ಬಂತು. ಇನ್ನು ಅರ್ಧ ತಾಸು ಬಿಟ್ಟಿದ್ದರೆ ಆ ಗಿಡದ ಕೆಳಗೆ ಇನ್ನೊಂದು ಹೆಣ ಬೀಳುತ್ತಿತ್ತು. ಪಡಸಾಲೆಯಲ್ಲಿ ಒಂದು ಆಗಲೇ ಇತ್ತು.

ಆಗ ಎದ್ದೆ. ಎಡಗೈಯಲ್ಲಿ ತಂಬಿಗೆ ಹಿಡಿದು ಸೇಂದಿ ಅಂಗಡಿಗೆ ನಡೆದೆ. ಯಾವ ಅಂಗಡಿಯ ಮುಂದೆ ಹೋದ ವರ್ಷ ಗಡಿಗೆ ಒಡೆದು ಹಾಕಿ ಬಂದಿದ್ದೆನೋ ಅದೇ ಅಂಗಡಿಗೆ. ಹಿಂದೆ ಹೆಂಗಸರು ಹೇಳುವುದು ಕೇಳಿಸಿತು: "ಅತ್ತಿ ಹೆಣಾ ಬಿಸಿ ಐತಿ, ಸೊಸಿ ಸೇಂದಿಗೆ ಹೊಂಟಾಳ ನೋಡ್ರೆವ್ವ." ತಂದೆ. ಸೆಳವು ನಿಂತು ಕಣ್ಣು ತೆರೆದ ಮೇಲೆ ಗುಟುಕು ಗುಟುಕಾಗಿ ಕುಡಿಸಿದೆ. ಮಲಕಮ್ಮ ಬಾಗಿಲಲ್ಲಿ ನಿಂತು, ಎರಡೂ ಕೈಯಿಂದ ತನ್ನ ತಲೆ ಹಿಡಿದುಕೊಂಡು, ನಾನು ಕುಡಿಸುವುದನ್ನು ನೋಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ನಡುಕ ಇಳಿಯಿತು. ಕಣ್ಣು ನನ್ನ ಮೇಲೆ ನಿಂತಿತು. "ದೇವಕಿ, ನಿನ್ ಕೈಗಿ ಏನಾತು?" ಎಂದರು. ಆಮೇಲೆ, "ಅವ್ವ ಎಲ್ಲ್ಯಾಳ?" ಎಂದರು.

ಪೊಲೀಸರು ಬಂದಾಗ ಮುದುಕಿ ಬೀಸುವ ಕಲ್ಲಿನ ಮೇಲೆ ಬಿದ್ದಳು ಎಂದು ಊರೇ ಹೇಳಿತು. ನಾನೂ ಹೇಳಿದೆ. ನಿನ್ನ ಮಾವನಿಗೂ ಅದನ್ನೇ ಹೇಳಿದ್ದೇನೆ. ಅವರಿಗೆ ಮೊದಲಿನ ಅರ್ಧ ಸೇಂದಿ ಕೊಡುತ್ತಾ ಮನೆಯಲ್ಲೇ ಇಟ್ಟುಕೊಂಡಿದ್ದೇನೆ, ಇಲ್ಲದ್ದು ಕಾಣುವುದು ಇನ್ನೂ ಪೂರ್ತಿ ನಿಂತಿಲ್ಲ, ಶಹಾಪುರದ ದವಾಖಾನೆಗೆ ಸೇರಿಸಬೇಕು. ಊರವರು ಈಗ ಇನ್ನೊಂದು ಮಾತು ಹೇಳುತ್ತಾರೆ. ಆಣೆ ಮುರಿದದ್ದಕ್ಕೆ ಮುದುಕಿಯ ಜೀವ ಹೋಯಿತು, ಮಗಳು ಬಚಾವಾದಳು ಎನ್ನುತ್ತಾರೆ. ನನಗೆ ಲೆಕ್ಕ ಗೊತ್ತಿದೆ ಬಸವಂತಾ. ನಾನು ಸೇಂದಿ ಕುಡಿಸಿದ್ದು ಅತ್ತೆ ಸತ್ತ ಮೇಲೆ. ಅವರು ಸಾಯುವಾಗ ಆಣೆ ಸರಿಯಾಗಿಯೇ ನಡೆಯುತ್ತಿತ್ತು.

ಅಕ್ಕ ಎಡಗೈ ಹೆಬ್ಬೆಟ್ಟು ಒತ್ತಿದ್ದಾರೆ. ಸಹಿ ಮಾಡಲಿಕ್ಕೆ ಆಗುವುದಿಲ್ಲ.
ಬರೆದವಳು, ಸರ್ವರಬೇಗಂ


ಹೈದರಾಬಾದು
16 ಜನವರಿ 1997

ಅಕ್ಕನಿಗೆ,

ಏನು ಬರೆಯಲಿ? ನಾಲ್ಕು ಹಾಳೆ ಹರಿದು ಹಾಕಿದೆ. ಮಾನಮ್ಮತ್ತೆ ನಿನ್ನ ಮದುವೆಯ ಹೊಸತರಲ್ಲಿ ನಾನು ನಿಮ್ಮ ಮನೆಗೆ ಬಂದರೆ ಶೇಂಗಾ ಹುರಿದು ಜೇಬಿಗೆ ತುಂಬುತ್ತಿದ್ದರು. ಅದೊಂದೇ ತಲೆಯಲ್ಲಿ ಸುತ್ತುತ್ತಿದೆ.

ಶಹಾಪುರದ ದವಾಖಾನೆಯವರಿಗೆ ನಮ್ಮ ಡಾಕ್ಟರರು ಬರೆದ ಚೀಟಿ ವಹಾಬನ ಕೈಯಲ್ಲಿ ಇದೆ. ಅವರು ಹೇಳಿದ ಪ್ರಕಾರವೇ ಗುಳಿಗೆ ಕೊಡು, ನನ್ನ ಮಾತಿನ ಮೇಲೆ ಏನನ್ನೂ ಮಾಡಬೇಡ. ಇಲ್ಲದ್ದು ಕಾಣುವುದು ನಿಲ್ಲಲಿಕ್ಕೆ ಒಂದು ಸೂಜಿಮದ್ದು ಇದೆ. ಅದು ಮಿದುಳಿನ ಬೇರೊಂದು ರಸವನ್ನು ತಡೆಯುತ್ತದೆ. ಕೈಕಾಲು, ಕುತ್ತಿಗೆ ಹದವಾಗಿ ಆಡಲಿಕ್ಕೂ ಅದೇ ರಸ ಬೇಕು. ಹಾಗಾಗಿ ಕೆಲವರಿಗೆ ಕುತ್ತಿಗೆ ಸೊಟ್ಟಗೆ ತಿರುಗುತ್ತದೆ, ನಾಲಗೆ ಹೊರಗೆ ಬರುತ್ತದೆ. ಹೆದರಬೇಡ, ಗಾಳಿ ಹಿಡಿದಿದೆ ಎಂದು ಬಾರಿಸಲು ಯಾರಿಗೂ ಬಿಡಬೇಡ. ಅದಕ್ಕೂ ಮದ್ದು ಇದೆ, ಓಡಿ ಹೋಗಿ ಹಾಕಿಸು.

ಮಾವನಿಗೆ ಸತ್ಯ ಹೇಳುವುದೋ ಬಿಡುವುದೋ ನನಗೆ ತಿಳಿಯುತ್ತಿಲ್ಲ. ಡಾಕ್ಟರರು ಹೇಳುತ್ತಾರೆ, ಮಾಡಿದ್ದು ಆ ಮನುಷ್ಯನಲ್ಲ, ಬೆಂಕಿ ಹತ್ತಿದ ಮಿದುಳು ಎಂದು. ಹೊಡೆತ ತಿಂದವಳು ನೀನು, ನಿನಗೆ ಹಾಗೆ ಅನ್ನಿಸುತ್ತದೆಯೋ ಇಲ್ಲವೋ ನಾನು ಹೇಳಲಾರೆ.

ಬಸವಂತ್ರಾಯ


ಹನ್ನೊಂದನೇ ಗೇಟು
2 ಮಾರ್ಚ್ 1997

ಬಸವಂತ್ರಾಯನಿಗೆ ನಿನ್ನ ಮಾವ ಸಾಬಣ್ಣ ಬರೆಯುವುದು.

ನಾನು ನಾಲ್ಕನೇ ಇಯತ್ತೆ ತನಕ ಶಾಲೆ ಓದಿದವನು. ಗೇಟಿನ ಬುಕ್ಕಿನಲ್ಲಿ ನೀರಿನ ಅಳತೆ ಬರೆಯುವುದು ಬಿಟ್ಟರೆ ಬೇರೆ ಬರೆದವನಲ್ಲ. ತಪ್ಪಿದ್ದರೆ ತಿದ್ದಿಕೊ.

ಮೊದಲನೆಯ ಮಾತು. ಸುರಪುರದಲ್ಲಿ ನಿನಗೆ ಚಪ್ಪಲಿಯಲ್ಲಿ ಹೊಡೆದೆ ಎನ್ನುತ್ತಾರೆ. ನನಗೆ ನೆನಪಿಲ್ಲ. ನೆನಪಿಲ್ಲದ್ದಕ್ಕೂ ಮಾಫಿ ಕೇಳಬಹುದೋ ಗೊತ್ತಿಲ್ಲ, ಕೇಳುತ್ತೇನೆ.

ನೀನು ಗೇಟಿನ ಲೆಕ್ಕದಲ್ಲಿ ಬರೆದ ಕಾಗದವನ್ನು ನಿನ್ನ ಅಕ್ಕ ಜೋಳದ ಡ್ರಮ್ಮಿನಿಂದ ತೆಗೆದು ಗೇಟಿನ ಭಾಗವಷ್ಟೇ ಓದಿ ಹೇಳಿದಳು. ಅದು ನನಗೆ ಡಾಕ್ಟರರ ಮಾತಿಗಿಂತ ಚೆನ್ನಾಗಿ ತಿಳಿಯಿತು. ತುಂಬಿದ ಗೇಟನ್ನು ಒಮ್ಮೆ ಎತ್ತಬಾರದು, ಒಮ್ಮೆ ಇಳಿಸಬಾರದು. ನಾಲ್ಕು ಸುತ್ತು ತಿರುಗಿಸಿ ನೀರು ನೋಡಬೇಕು, ಮತ್ತೆ ನಾಲ್ಕು ಸುತ್ತು. ಹದಿನೈದು ವರ್ಷ ಇದೇ ಕೆಲಸ ಮಾಡಿದ್ದೇನೆ. ನನ್ನ ತಲೆಯಲ್ಲೂ ಒಂದು ಗೇಟು ಇದೆ ಎಂದು ಯಾರೂ ಹೇಳಿರಲಿಲ್ಲ. ಸೇಂದಿ ನಿಂತು ಐದು ವಾರ ಆಯಿತು. ಗುಳಿಗೆ ಈಗ ದಿನಕ್ಕೆ ಅರ್ಧ. ಬಾಯಿ ಒಣಗುತ್ತದೆ, ಹೆಜ್ಜೆ ಭಾರ. ಆದರೆ ಬೆಳಿಗ್ಗೆ ಎದ್ದರೆ ನಿನ್ನೆಯದು ನೆನಪಿರುತ್ತದೆ. ಅದೇ ಕಷ್ಟವಾಗಿದೆ.

ಎರಡನೆಯ ಮಾತು. ಇದನ್ನು ನಿನ್ನ ಅಕ್ಕನಿಗೆ ಹೇಳಬೇಡ.

ನನ್ನ ಅವ್ವ ಬೀಸುವ ಕಲ್ಲಿನ ಮೇಲೆ ಬಿದ್ದು ಸತ್ತಳು ಎನ್ನುತ್ತಾರೆ. ನಾನು ಹೌದು ಹೌದು ಎನ್ನುತ್ತೇನೆ. ಆ ದಿನದ್ದು ನನಗೆ ಒಂದೇ ನೆನಪಿದೆ, ಹಾವು ಹೊಡೆದದ್ದು. ಮೊದಲು ಕರಿಯದು ಇತ್ತು, ಆಮೇಲೆ ಅದರ ಮೇಲೆ ಬಿಳಿಯದೊಂದು ಬಂತು. ಬಿಳಿಯದನ್ನು ಹೊಡೆದೆ. ಹೊಡೆದ ಹಾವು ಎಲ್ಲಿ ಎಂದು ದವಾಖಾನೆಯಲ್ಲಿ ಕೇಳಿದೆ. ದೇವಕಿ ಮುಖ ಆ ಕಡೆ ಮಾಡಿದಳು.

ಕೆಲಸಕ್ಕೆ ಮರಳಿದ ದಿನ ಹ್ಯಾಂಡಲ್ಲಿಗೆ ಎಣ್ಣೆ ಹಚ್ಚಲು ಕೂತೆ. ಯಾರೋ ತೊಳೆದು ಇಟ್ಟಿದ್ದರು, ಹೊಸದರಂತೆ. ಆದರೆ ತುದಿಯ ನಟ್ಟಿನ ಸುತ್ತು ಬಿಚ್ಚಿ ಎಣ್ಣೆ ಬಿಡಬೇಕು ಎಂದು ತೊಳೆದವರಿಗೆ ಗೊತ್ತಿರಲಿಲ್ಲ. ಅದು ನನಗೊಬ್ಬನಿಗೇ ಗೊತ್ತು. ಬಿಚ್ಚಿದೆ. ಸುತ್ತಿನ ಒಳಗೆ ಬಿಳಿ ಕೂದಲು ಇದ್ದವು, ಏಳೆಂಟು. ಉದ್ದ ಕೂದಲು.

ಸೂಜಿ ಹಾಕಿದ ಮರುದಿನ ನನ್ನ ಕುತ್ತಿಗೆ ತಿರುಗಿ ಹೆಗಲಿಗೆ ಹತ್ತಿತ್ತು. ಅದು ಔಷಧದ ಗುಣ ಎಂದು ದೇವಕಿ ನಿನ್ನ ಕಾಗದ ತೋರಿಸಿದಳು. ನಾನು ಮಾತ್ರ ಅವ್ವ ತಿರುಗಿಸುತ್ತಿದ್ದಾಳೆ ಅಂದುಕೊಂಡಿದ್ದೆ. ತಿರುಗಿಸು ಎಂದೆ. ಅಷ್ಟರಲ್ಲಿ ಅವರು ಇನ್ನೊಂದು ಸೂಜಿ ಹಾಕಿ ನೆಟ್ಟಗೆ ಮಾಡಿದರು.

ಮಲಕಮ್ಮ ನನ್ನ ಹತ್ತಿರ ಬರುತ್ತಾಳೆ, ಊಟ ಮಾಡುತ್ತಾಳೆ, ಶಾಲೆಯ ಮಾತು ಹೇಳುತ್ತಾಳೆ. ನನ್ನ ಕೈ ಅವಳ ತಲೆಯ ಕಡೆ ಹೋದರೆ ಮಾತ್ರ ಬಗ್ಗುತ್ತಾಳೆ. ಬೇಕೆಂದು ಬಗ್ಗುವುದಲ್ಲ, ತಾನಾಗಿಯೇ ಬಗ್ಗುತ್ತಾಳೆ. ಜಡೆಯನ್ನು ಅವಳೇ ಕತ್ತರಿಸಿಕೊಂಡಿದ್ದಾಳೆ.

ನಿನ್ನನ್ನು ಕೇಳುವುದು ಒಂದೇ. ದೇವಕಿ ತೋರಿಸಿದ ಕಾಗದದ ಕೆಳಗಿನ ಸಾಲು ನನ್ನ ಕಣ್ಣಿಗೂ ಬಿತ್ತು, ಮಾಡಿದ್ದು ಮನುಷ್ಯನಲ್ಲ, ಮಿದುಳು ಎಂದು ನಿಮ್ಮ ಡಾಕ್ಟರರು ಹೇಳಿದರಂತೆ. ಅದು ನಿಜವಾ? ನಿಜ ಎಂದು ಒಂದು ಸಾಲು ಬರೆ. ಸುಳ್ಳಾದರೂ ಬರೆ. ನೀರು ತುಂಬಿ ಹರಿಯುವ ಜಾಗದಲ್ಲಿ ದಿನವೆಲ್ಲ ಒಬ್ಬನೇ ಕೂರುವವನು ನಾನು, ಆ ಸಾಲು ಜೇಬಿನಲ್ಲಿ ಇರಲಿ.

ನನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ನಿನ್ನ ಆಣೆ ಇದೆ, ಗೊತ್ತು. ಬರುವ ಮನಸ್ಸಾದರೆ ಗೇಟಿನ ಹತ್ತಿರ ಬಾ. ಇಲ್ಲಿ ಹೊಸ್ತಿಲು ಇಲ್ಲ.

ಸಾಬಣ್ಣ


ಹೈದರಾಬಾದು
6 ಮಾರ್ಚ್ 1997

ಮಾವನಿಗೆ ಬಸವಂತ್ರಾಯನ ನಮಸ್ಕಾರ.

ನೀವು ಕೇಳಿದ ಸಾಲನ್ನು ಕಾಗದದಲ್ಲಿ ಬರೆಯುವುದಿಲ್ಲ. ನಾನು ಬರೆದ ಕಾಗದಗಳಿಂದ ಆದದ್ದು ಸಾಕು.

ನಿಮಗೆ ಒಂದು ವಿಷಯ ತಿಳಿದಿಲ್ಲ, ಅಕ್ಕ ಮುಚ್ಚಿಟ್ಟಿದ್ದಾಳೆ. ನೀವು ಓದಿಸಿಕೊಂಡದ್ದು ನನ್ನ ಎರಡನೇ ಕಾಗದ. ಮೊದಲನೆಯದೊಂದು ಇದೆ, ನವೆಂಬರಿನದು. ಒಂದೇ ಪೆಟ್ಟಿಗೆ ಬಿಡಿಸು, ಮಲಕಮ್ಮನ ತಲೆಯ ಮೇಲೆ ಕೈ ಇಡಿಸು ಎಂದು ಬರೆದವನು ನಾನು. ಒದ್ದಾಡಲಿ ಬಿಡು ಎಂದೂ ಬರೆದಿದ್ದೆ. ಚಪ್ಪಲಿ ಏಟು ನಿಮಗೆ ನೆನಪಿರಲಿಲ್ಲ, ನನಗೆ ಚೆನ್ನಾಗಿ ನೆನಪಿತ್ತು. ಆ ನೆನಪಿನಿಂದಲೇ ಬರೆದೆ. ಆಮೇಲೆ ತಪ್ಪು ತಿಳಿದಾಗ ರೈಲು ಹತ್ತದೆ ವಹಾಬನ ಕೈಗೆ ಕಾಗದ ಕೊಟ್ಟವನೂ ನಾನೇ. ನನ್ನ ಮಿದುಳಿಗೆ ಯಾವ ಪುಡಿಯೂ ಹೋಗಿರಲಿಲ್ಲ.

ಆ ಕಾಗದ ಅಕ್ಕನ ಟ್ರಂಕಿನಲ್ಲಿ ಇರುತ್ತದೆ. ಕೇಳಿ ಓದಿಸಿಕೊಳ್ಳಿ. ಓದಿದ ಮೇಲೂ ನಾನು ಬರುವುದು ಬೇಕಿದ್ದರೆ ಬಾಗಿಲು ತೆರೆದಿಡಿ, ಬೇಡವಾದರೆ ಮುಚ್ಚಿಡಿ. ಇದನ್ನು ವಹಾಬ ನಾಳೆಯೇ ಮುಟ್ಟಿಸುತ್ತಾನೆ. ಭಾನುವಾರ ಬೆಳಗಿನ ಗಾಡಿಗೆ ಯಾದಗಿರಿಯಲ್ಲಿ ಇಳಿಯುತ್ತೇನೆ.

ಗೇಟಿಗಲ್ಲ, ಮನೆಗೆ ಬರುತ್ತೇನೆ.

ಬಸವಂತ್ರಾಯ